ತೇಪೆ ಅಂಗಿಯ ಎರಡನೇ ಭಾಗ

ಆ ಸಿನಿಮಾದ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಅರ್ಧ ಜನ "ಅಯ್ಯೋ, ಅದಾ!" ಎಂದು ನಕ್ಕು ಓದುವುದನ್ನು ಇಲ್ಲಿಗೇ ನಿಲ್ಲಿಸುತ್ತಾರೆ, ಉಳಿದರ್ಧ ಜನ ನನಗೆ ಬುದ್ಧಿ ಹೇಳಲು ಬರುತ್ತಾರೆ. ಇಷ್ಟು ತಿಳಿದರೆ ಸಾಕು: ಅದು ಆಕಾಶದಲ್ಲಿ ಹಾರುವ ಒಬ್ಬ ವೀರನ ಸಿನಿಮಾ, ಪರದೇಶದ್ದು, ಕನ್ನಡಕ್ಕೆ ಡಬ್ ಆಗಿ ಬಂದದ್ದು, ಮತ್ತು ಅದರ ಎರಡನೇ ಭಾಗ. ಮೊದಲ ಭಾಗವನ್ನು ಲೋಕವೆಲ್ಲ ತಲೆ ಮೇಲೆ ಹೊತ್ತು ಕುಣಿಯಿತು. ಎರಡನೆಯದಕ್ಕೆ ಅದೇ ಲೋಕ ಉಗಿಯಿತು. ನಮ್ಮ ಕೊಟ್ಟೂರಿನಲ್ಲಿ ಅದರ ಪರ ನಿಂತವಳು ನಾನೊಬ್ಬಳೇ. ಮಂಡಕ್ಕಿ ಮಿರ್ಚಿ ಅಂಗಡಿಯ ಬೆಂಚಿನ ಮೇಲೆ, ಹರಪನಹಳ್ಳಿ ಬಸ್ಸಿನಲ್ಲಿ, ಬೀಗರ ಮನೆಯ ಊಟದ ಪಂಕ್ತಿಯಲ್ಲಿ, ಎಲ್ಲಿ ಮಾತು ಬಂದರೂ ಸೊಂಟಕ್ಕೆ ಸೆರಗು ಕಟ್ಟಿ ವಾದಕ್ಕೆ ನಿಂತಿದ್ದೇನೆ. ಇನ್ನೂ ನಿಲ್ಲುತ್ತೇನೆ.

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರ," ಎಂದು ನಮ್ಮ ಮನೆಯವರು ಕಾಡುತ್ತಾರೆ. "ನೀ ಅದನ್ನ ಹೆತ್ತಿಲ್ಲ, ಹೊತ್ತಿಲ್ಲ. ಆದರೂ ಮುದ್ದು ನೋಡು ನಿಂದು!"

ಮೊದಲ ಭಾಗದಲ್ಲಿ ಏನಿತ್ತು? ಹಾರಿದ, ಗುದ್ದಿದ, ಊರು ಉಳಿಸಿದ. ಚೆನ್ನಾಗಿತ್ತು, ಇಲ್ಲವೆನ್ನುವುದಿಲ್ಲ. ಎರಡನೆಯದರ ಆರಂಭದಲ್ಲೇ ಅವನ ಮಿರಿಮಿರಿ ಅಂಗಿಗೂ ಬೆನ್ನ ಹಿಂದೆ ಹಾರಾಡುವ ಹೊದಿಕೆಗೂ ಬೆಂಕಿ ಹತ್ತುತ್ತದೆ. ಅಂಗಿ ಹೋದದ್ದೇ ಅವನ ಧೈರ್ಯವೂ ಹೋಗುತ್ತದೆ. ಯಾವುದೋ ಸಣ್ಣ ಊರಿನಲ್ಲಿ ಬಂದು ಬೀಳುತ್ತಾನೆ. ಅಲ್ಲೊಬ್ಬ ಮುದುಕಿ ತನ್ನ ಹಳೆಯ ಬಟ್ಟೆಗಳ ಚೂರುಗಳನ್ನು ಹಚ್ಚಿ ಅವನಿಗೆ ಅಂಗಿಯನ್ನೂ ಬೆನ್ನಿಗೊಂದು ಹೊದಿಕೆಯನ್ನೂ ಹೊಲಿದು ಕೊಡುತ್ತಾಳೆ. ಆ ಹೊಲಿಗೆಯನ್ನು ಬಹಳ ಹೊತ್ತು ತೋರಿಸುತ್ತಾರೆ. ಹಾಡಿಲ್ಲ, ಮಾತಿಲ್ಲ. ಸೂಜಿ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ಅವನು ಮೊಣಕಾಲು ಮಡಚಿ ಕೂತು ನೋಡುತ್ತಾನೆ. ಆಮೇಲೆ ಕಡೆಯ ತನಕ ಅದೇ ತೇಪೆ ಅಂಗಿಯಲ್ಲಿ ಇರುತ್ತಾನೆ. ಹಾರುವುದು ಕಡಿಮೆ, ನಡೆಯುವುದು ಹೆಚ್ಚು. ಜನಕ್ಕೆ ಸಿಟ್ಟು ಬಂದದ್ದು ಅದಕ್ಕೇ. ನಡೆಯುವವರನ್ನು ನೋಡಲು ಟಾಕೀಸಿಗೆ ಯಾಕೆ ಹೋಗಬೇಕು, ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಸಾಲದೇ ಎಂದರು.

ನನಗೆ ಯಾಕೆ ಅಷ್ಟು ಉರಿ ಎಂದರೆ, ನಾನು ಹೊಲಿಗೆಯವಳು. ಕೊಟ್ಟೂರಿನಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ವರ್ಷವಿಡೀ ಸೀರೆಗೆ ಜಾಕೀಟು, ಫಾಲು. ಸಂಕ್ರಾಂತಿಯ ಆಚೀಚೆ ಶಾಲೆಗಳ ವಾರ್ಷಿಕೋತ್ಸವ, ನಮ್ಮ ಕಡೆಯ ಗ್ಯಾದರಿಂಗ್, ಶುರುವಾದರೆ ಮಾತ್ರ ನನ್ನ ಅಂಗಡಿಯೇ ದೇವಲೋಕ. ಕೃಷ್ಣನ ಪೀತಾಂಬರ, ರಾಣಿಯ ಕಚ್ಚೆ, ಹುಲಿ, ನವಿಲು, ಸೈನಿಕ, ಎಲ್ಲವನ್ನೂ ಹೊಲಿದು ಬಾಡಿಗೆಗೆ ಕೊಡುತ್ತೇನೆ. ಕೂಡ್ಲಿಗಿಯಿಂದ ಹಡಗಲಿಯ ತನಕ ಮೇಷ್ಟ್ರುಗಳು ಹುಡುಕಿಕೊಂಡು ಬರುತ್ತಾರೆ. ಮೊದಲ ಭಾಗ ಬಂದ ವರ್ಷ ಆ ವೀರನ ನೀಲಿ ಸ್ಯಾಟಿನ್ ಅಂಗಿಗೆ ಎಷ್ಟು ಬೇಡಿಕೆ ಬಂತೆಂದರೆ ಕೃಷ್ಣನನ್ನು ಕೇಳುವವರಿಲ್ಲದಂತಾಯಿತು. ಹೊಲಿಯುತ್ತ ನನಗೆ ಒಂದೇ ಪ್ರಶ್ನೆ ಕಾಡುತ್ತಿತ್ತು: ಅವನಿಗೆ ಇದನ್ನು ಹೊಲಿದು ಕೊಟ್ಟವರು ಯಾರು? ಮೊದಲ ಭಾಗ ಅದನ್ನು ಹೇಳುವುದೇ ಇಲ್ಲ. ಗೋಡೆ ತೆರೆಯುತ್ತದೆ, ಅಂಗಿ ನೇತಾಡುತ್ತಿರುತ್ತದೆ, ಹಾಕಿಕೊಂಡು ಹಾರುತ್ತಾನೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು! ಎರಡನೇ ಭಾಗಕ್ಕೆ ಆ ಹಂಗು ಇತ್ತು.

ನನ್ನ ಅವ್ವ ನಮ್ಮ ಜೊತೆಗೇ ಇರುತ್ತಾಳೆ. ಅವಳ ತವರು ಹೊಳೆ ದಂಡೆಯ ಹಲವಾಗಲು. ಮಿಷನ್ ತುಳಿಯಲು ಕಲಿಯಲಿಲ್ಲ, ಕಲಿಯುವ ಮನಸ್ಸೂ ಮಾಡಲಿಲ್ಲ, ಅವಳದು ಕೌದಿ. ಹಳೆಯ ಸೀರೆಗಳನ್ನು ಪದರ ಪದರ ಹಾಸಿ, ಮೇಲೆ ಬಣ್ಣದ ಚೂರುಗಳನ್ನು ಹಚ್ಚಿ, ಕೈಯಲ್ಲೇ ಇರುವೆ ಸಾಲಿನ ಹಾಗೆ ಹೊಲಿಗೆ ಹಾಕುತ್ತಿದ್ದಳು. ನಮ್ಮ ಓಣಿಯಲ್ಲಿ ಹುಟ್ಟಿದ ಎಷ್ಟೋ ಕೂಸುಗಳು ಮೊದಲ ಚಳಿಗಾಲ ಕಳೆದದ್ದು ಅವ್ವನ ಕೌದಿಯೊಳಗೆ. ಹೀಗಿದ್ದವಳು ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಎಲುಬು ಕೂಡಿತು, ಪಟ್ಟಿ ಬಿಚ್ಚಿದರು, ಡಾಕ್ಟರು ಕೈ ಆಡಿಸಮ್ಮ ಎಂದರು. ಅವ್ವ ಆಡಿಸಲಿಲ್ಲ. ಚಹದ ಲೋಟ ಎಡಗೈಯಲ್ಲಿ, ರೊಟ್ಟಿ ಮುರಿಯುವುದು ಎಡಗೈಯಲ್ಲಿ. ಬಲಗೈ ಮಡಿಲಲ್ಲಿ ಬೇರೆಯವರದ್ದೇನೋ ಎಂಬಂತೆ ಬಿದ್ದಿರುತ್ತಿತ್ತು.

"ಈ ಕೈ ಸತ್ತೈತಿ ಬಿಡವ್ವ," ಎಂದಳು.

"ಡಾಕ್ಟರು ಬದುಕೈತಿ ಅಂದಾರಲ್ಲ?"

"ಕೈ ಡಾಕ್ಟರದಾ? ನಂದಾ?"

ಒಂದು ಮಧ್ಯಾಹ್ನ ಹಳೇ ಬಟ್ಟೆಗೆ ಪಾತ್ರೆ ಕೊಡುವವಳು ಓಣಿಯಲ್ಲಿ ಕೂಗುತ್ತ ಬಂದಳು. ನೋಡುತ್ತೇನೆ, ಅವ್ವ ಕೌದಿಗೆಂದು ಕೂಡಿಟ್ಟ ಸೀರೆಗಳ ಗಂಟನ್ನು ಎಡಗೈಯಲ್ಲಿ ಎಳೆದುಕೊಂಡು ಬಾಗಿಲಿಗೆ ಹೊರಟಿದ್ದಾಳೆ. ನಾನು ಅಡ್ಡ ನಿಂತೆ. ಜಗಳವಾಯಿತು. ಪಾತ್ರೆಯವಳು ನಮ್ಮಿಬ್ಬರ ಮುಖ ನೋಡಿ ತನ್ನ ಬುಟ್ಟಿ ಎತ್ತಿಕೊಂಡು ಮುಂದೆ ಹೋದಳು. ಗಂಟು ಉಳಿಯಿತು. ಆದರೆ ಅಂದು ನನಗೆ ಹೆದರಿಕೆ ಹುಟ್ಟಿತು. ಕೌದಿ ಹೊಲಿಯದ ಅವ್ವ ದಿನದಿನಕ್ಕೆ ಸಣ್ಣಗಾಗುತ್ತಿದ್ದಳು, ಮಾತು ಕಡಿಮೆಯಾಗಿತ್ತು, ನನ್ನನ್ನು ಬೈಯುವುದನ್ನೂ ಬಿಟ್ಟಿದ್ದಳು. ನಮ್ಮ ಅವ್ವ ಬೈಯುವುದನ್ನು ಬಿಟ್ಟಳೆಂದರೆ ಅರ್ಧ ಜೀವ ಹೋದಂತೆಯೇ.

ಆ ದಿನಗಳಲ್ಲೇ ಎರಡನೇ ಭಾಗ ಹರಪನಹಳ್ಳಿಯ ಟಾಕೀಸಿಗೆ ಬಂದದ್ದು. ಏಳನೇ ಇಯತ್ತೆಯ ನನ್ನ ಮಗಳು ಬೆನ್ನು ಬಿಡಲಿಲ್ಲ. ಅವ್ವನನ್ನು ಮನೆಯಲ್ಲಿ ಒಬ್ಬಳೇ ಬಿಡುವುದು ಬೇಡವೆಂದು ಅವಳನ್ನೂ ಕರೆದುಕೊಂಡೇ ಹೋದೆವು. ಅವ್ವ ಕೂತವಳೇ ಕಣ್ಣು ಮುಚ್ಚಿದಳು. ಬೆಂಕಿ ಹತ್ತಿದರೂ ಏಳಲಿಲ್ಲ, ಆಕಾಶದಿಂದ ಮನುಷ್ಯ ಬಿದ್ದರೂ ಏಳಲಿಲ್ಲ. ಗದ್ದಲವೆಲ್ಲ ನಿಂತು ಹೊಲಿಗೆ ಶುರುವಾದಾಗ ಎದ್ದಳು. ಸುಮ್ಮನಾದದ್ದಕ್ಕೇ ಎಚ್ಚರವಾಯಿತೇನೋ.

"ಅಯ್ಯ! ಕೌದಿ ಹೊಲಿಯಾಕತ್ಯಾಳ ನೋಡ ಈಕಿ!" ಎಂದು ಗಟ್ಟಿಯಾಗಿಯೇ ಅಂದಳು.

ಹಿಂದಿನ ಸಾಲಿನ ಹುಡುಗರು ಸಿಳ್ಳೆ ಹಾಕಿ "ಮುಂದಕ್ಕ ಓಡ್ಸಲೇ!" ಎಂದು ಕೂಗಿದರು. ಅವ್ವ ಕುರ್ಚಿ ಹಿಡಿದು ಎದ್ದು ನಿಂತಳು. ತೆರೆಯ ಬೆಳಕು ಅವಳ ಬೆನ್ನಿಗಿತ್ತು, ಮುಖ ಆ ಹುಡುಗರ ಕಡೆಗಿತ್ತು.

"ಸುಮ್ನ ಕುಂದರ್ರಲೇ. ಹೊಲಿಗಿ ಹಂಗೆಲ್ಲ ಓಡ್ಸಾಕ ಬರಂಗಿಲ್ಲ!"

ಹುಡುಗರು ಸುಮ್ಮನಾದರು. ನನ್ನ ಮಗಳು ನಾಚಿಕೆಯಿಂದ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ನಾನು ಕತ್ತಲಲ್ಲಿ ಹಲ್ಲು ಕಿರಿದೆ. ಅಷ್ಟು ತಿಂಗಳ ಮೇಲೆ ಅವ್ವ ಯಾರನ್ನೋ ಬೈದಿದ್ದಳು! ಒಂದು ಸಿನಿಮಾ ಚೆನ್ನಾಗಿದೆ ಎನ್ನಲು ನನಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅವಳ ತಕರಾರು: ಮುದುಕಿ ಚೂರುಗಳನ್ನು ಹೊಂದಿಸಿದ್ದು ಸರಿಯಿಲ್ಲ, ಕೆಂಪಿನ ಪಕ್ಕ ಕೆಂಪು ಯಾಕೆ, ಮತ್ತೆ ಪರದೇಶದ ಮುದುಕಿಯ ಬಾಯಲ್ಲಿ ಬೆಂಗಳೂರಿನ ಕನ್ನಡ ಯಾಕೆ. ಇಳಿಯುವ ಹೊತ್ತಿಗೆ, "ನಾ ಆಗಿದ್ರ ಛಲೋ ಹೊಲೀತಿದ್ದೆ," ಎಂದಳು. ನಾನು ತುಟಿ ಬಿಚ್ಚಲಿಲ್ಲ. ಬಿಚ್ಚಿದರೆ ಎಲ್ಲಿ ಕೆಡುತ್ತದೋ ಎಂಬ ಹೆದರಿಕೆ.

ಬಾಯಿ ಬಿಚ್ಚಿದವಳು ಮಗಳು. ಅವರ ಶಾಲೆಯ ಗ್ಯಾದರಿಂಗಿನಲ್ಲಿ ಅವಳ ತರಗತಿಯವರದ್ದು ಇದೇ ವೀರನ ಕುಣಿತ. ಎತ್ತರದವಳೆಂದು ವೀರನ ಪಾತ್ರ ಅವಳಿಗೆ ಬಂದಿತ್ತು. "ಅಜ್ಜಿ, ನನಗ ಎರಡನೇ ಭಾಗದ ಅಂಗಿ ಬೇಕು. ನೀನ ಹೊಲಿದು ಕೊಡು," ಎಂದಳು. ಅವ್ವ ತನ್ನ ಬಲಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು. "ಬರ್ತೈತೋ ಇಲ್ಲೋ. ನೋಡೂಣು," ಎಂದಳು.

ಮರುದಿನವೇ ಅವರ ಕ್ಲಾಸ್ ಮಿಸ್ ಅಂಗಡಿಗೆ ಬಂದರು. ಹಗರಿಬೊಮ್ಮನಹಳ್ಳಿಯಿಂದ ದಿನಾ ಬಂದು ಹೋಗುವ ಹುಡುಗಿ, ಒಳ್ಳೆಯವಳು, ಕೆಲಸದಲ್ಲಿ ಶಿಸ್ತು. ಕುರ್ಚಿ ಕೇಳಿ ಕೂತು, ನೀರು ಕುಡಿದು, ಮೆಲ್ಲಗೆ ವಿಷಯಕ್ಕೆ ಬಂದರು.

"ಅಕ್ಕಾರ, ನಿಮ್ಮ ಮಗಳು ಅದ್ಯಾವುದೋ ತ್ಯಾಪಿ ಅಂಗಿ ಅಂತಾಳ. ಆ ಸಿನಿಮಾ ಓಡಿಲ್ಲರಿ. ಎಲ್ಲಾ ಹುಡುಗ್ರೂ ಮಿಂಚೋ ಡ್ರೆಸ್ಸು ಹಾಕ್ಕೊಂಡು, ಹೀರೋ ಒಬ್ಬಾಕಿ ಹರಕು ಹಾಕ್ಕೊಂಡು ನಿಂತ್ರ ಚಂದ ಇರ್ತೈತೇನ್ರಿ?"

ಒಳಗೆ ಅಡುಗೆಮನೆಯಲ್ಲಿ ಅವ್ವ ಕೇಳಿಸಿಕೊಳ್ಳುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಪಾತ್ರೆಯ ಸದ್ದು ನಿಂತಿತ್ತು. ಇಲ್ಲಿ ನಾನು ಸೋತರೆ ಆ ಕೈ ಮತ್ತೆ ಮಡಿಲಿಗೆ ಬೀಳುತ್ತದೆ, ಇನ್ನು ಏಳುವುದಿಲ್ಲ. ಮಂಡಕ್ಕಿ ಅಂಗಡಿಯಲ್ಲಿ ಮಾಡುತ್ತಿದ್ದ ವಾದವೆಲ್ಲ ಬರೀ ಬಾಯಿಚಪಲ. ಈಗ ನಿಜವಾಗಿ ವಾದ ಮಾಡಬೇಕಿತ್ತು.

"ಹರಕು ಬ್ಯಾರೆ, ತ್ಯಾಪಿ ಬ್ಯಾರೆ ರೀ ಮಿಸ್," ಎಂದೆ. "ಹರಕು ಅಂದ್ರ ಯಾರೂ ನೋಡದ ಬಿಟ್ಟಿದ್ದು. ತ್ಯಾಪಿ ಅಂದ್ರ ಯಾರೋ ಕುಂತು ಹೊಲಿದಿದ್ದು. ಮೊದಲನೇ ಭಾಗದಾಗ ಅವನ ಮೈಗೆ ಏನೂ ತಾಗಂಗಿಲ್ಲ, ಗುಂಡು ಬಡದ್ರೂ ಗೀಚು ಬೀಳಂಗಿಲ್ಲ. ಅಂಥವ ಧೈರ್ಯ ತೋರ್ಸಿದ್ರ ಅದೇನು ದೊಡ್ಡದ್ರಿ? ಎರಡನೇ ಭಾಗದಾಗ ಸುಟ್ಟೈತಿ, ಹರದೈತಿ, ನೋವಾಗೈತಿ, ಆದ್ರೂ ಎದ್ದು ನಡೀತಾನ. ಕೊನಿಗೆ ಹೊಳಿ ಮ್ಯಾಲಿನ ಸೇತುವಿ ಬೀಳೂ ಹೊತ್ನಾಗ ವೈರೀನ ಹಿಂದ ಓಡದ ಬಿಟ್ಟು, ತನ್ನ ಹೊದಿಕಿ ಬಿಚ್ಚಿ ಕೆಳಗಿದ್ದ ಮಕ್ಕಳ ಮ್ಯಾಲೆ ಹಾಕ್ತಾನ. ಜನ ಅಲ್ಲಿ ಫೈಟ್ ಇಲ್ಲ ಅಂತ ಬೈದ್ರು. ಹೊದಿಕಿ ಇರೋದು ಹಾರಾಕೇನ್ರಿ? ಹೊದಿಸಾಕ! ಅಷ್ಟು ತಿಳಿಯಾಕ ಅವನಿಗೆ ಎರಡು ಸಿನಿಮಾ ಬೇಕಾತು."

ಮಿಸ್ ನಕ್ಕರು. "ನೀವು ಟೀಚರ್ ಆಗಬೇಕಿತ್ತು ನೋಡ್ರಿ." ಆದರೂ ಪೂರ್ತಿ ಒಪ್ಪಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, "ರಿಹರ್ಸಲ್‌ಗೆ ತರ್ರಿ, ನೋಡೂಣು. ಸರಿ ಬರಲಿಲ್ಲಂದ್ರ ನೀಲಿ ಡ್ರೆಸ್ಸೇ ಹಾಕಸೂಣು," ಎಂದು ಎದ್ದು ಹೋದರು.

ಒಳಗೆ ಪಾತ್ರೆಯ ಸದ್ದು ಮತ್ತೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ಅವ್ವ ಗಂಟನ್ನು ಎಳೆದುಕೊಂಡು ಹೊರಗೆ ಬಂದಳು.

ಮೊದಲ ಹೊಲಿಗೆಗಳು ಹೊಲಿಗೆಗಳೇ ಆಗಿರಲಿಲ್ಲ. ಸೂಜಿ ಬೆರಳಿಂದ ಜಾರುತ್ತಿತ್ತು. ಸಾಲು ಕುಡುಕನ ದಾರಿಯಂತೆ ಅತ್ತಿತ್ತ ಹೋಗುತ್ತಿತ್ತು. ಅವ್ವ ಹಲ್ಲಿನಿಂದ ದಾರ ಕಡಿದು ಎಲ್ಲ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ನಾನು ನೆರವಿಗೆ ಹೋದರೆ, "ನಿನ್ನ ಮಿಷನ್ ನೀ ತುಳಿ. ನನ್ನ ಹತ್ರ ಸುಳೀಬ್ಯಾಡ," ಎಂದು ಗದರುತ್ತಿದ್ದಳು. ಬೈಸಿಕೊಂಡು ನಾನು ಹಬ್ಬ ಮಾಡಿದವಳಂತೆ ಮಿಷನ್‌ಗೆ ಮರಳುತ್ತಿದ್ದೆ. ಅಂಗಡಿ ಕಟ್ಟೆಯ ಬಿಸಿಲಲ್ಲಿ ಕೂತು, ಮೊದಲು ಅಂಗಿ, ಆಮೇಲೆ ಕೌದಿಯ ಹಾಗೆಯೇ ಪದರದ ಹೊದಿಕೆ, ದಿನಕ್ಕಿಷ್ಟು ಹೊಲಿದಳು. ತನ್ನ ಹಸಿರು ಇಳಕಲ್ ಸೀರೆಯ ಸೆರಗು, ನನ್ನ ಚಿಕ್ಕಂದಿನ ಲಂಗದ ಹಳದಿ, ಯಾರದ್ದೋ ಮದುವೆಯ ಜಾಕೀಟಿನ ನೇರಳೆ. ಒಂದು ವಾರ ಕಳೆಯುವಷ್ಟರಲ್ಲಿ ಸಾಲು ನೇರವಾಗಿತ್ತು. ಬಂದ ಗಿರಾಕಿಗಳೆಲ್ಲ ತಮ್ಮ ಜಾಕೀಟು ಮರೆತು ಅದನ್ನೇ ಮುಟ್ಟಿ ನೋಡುತ್ತಿದ್ದರು. ನಾನು ಬಾಯಲ್ಲಿ ಏನೂ ಅನ್ನದೆ ಎದೆಯುಬ್ಬಿಸಿ ಕೂತಿರುತ್ತಿದ್ದೆ. ರಿಹರ್ಸಲ್‌ನಲ್ಲಿ ಮಿಸ್ ಹೊದಿಕೆಯ ಒಳಗೂ ಹೊರಗೂ ಕೈಯಾಡಿಸಿ, "ಇರ್ಲಿ ಬಿಡ್ರಿ," ಎಂದರು. ಗೆದ್ದೆವು.

ಗ್ಯಾದರಿಂಗಿನ ಹಿಂದಿನ ದಿನ ಅವ್ವ ಹೊದಿಕೆಯ ಕೊನೆಯ ಮೂಲೆ ಮುಚ್ಚುವುದನ್ನು ಉಳಿಸಿಕೊಂಡಿದ್ದಳು. ಕೌದಿ ಹೊಲಿಯುವವರಲ್ಲಿ ಒಂದು ಪದ್ಧತಿಯಿದೆ. ಕಡೆಯ ಮೂಲೆಯನ್ನು ಹಾಗೇ ಮುಚ್ಚುವುದಿಲ್ಲ; ಒಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲವಂತೆ. ಅಂದು ಮನೆಯಲ್ಲಿ ಹೋಳಿಗೆ ಮಾಡಿದ್ದೆವು. ಇಷ್ಟು ದೊಡ್ಡ ವೀರನ ಹೊದಿಕೆಗೆ ಒಣ ರೊಟ್ಟಿ ಯಾಕೆಂದು ಅವ್ವ ತುಪ್ಪ ಹಚ್ಚಿದ ಹೋಳಿಗೆಯ ಒಂದು ಚೂರು ಇಟ್ಟು ಮೂಲೆ ಮುಚ್ಚಿದಳು. ನಾನು ಪಕ್ಕದಲ್ಲೇ ಇದ್ದೆ, ನೋಡಿದೆ, ಸಂತೋಷವೇ ಪಟ್ಟೆ. ಹೊದಿಕೆಯನ್ನು ಅಂಗಡಿಯ ಗೂಟಕ್ಕೆ ನೇತುಹಾಕಿದೆವು.

ಮರುದಿನ ಸಂಜೆ ಶಾಲೆಯ ಅಂಗಳದಲ್ಲಿ ಪೆಂಡಾಲು ತುಂಬಿತ್ತು. ಅವ್ವನಿಗೆ ಮುಂದಿನ ಸಾಲಿನಲ್ಲೇ ಕುರ್ಚಿ ಸಿಕ್ಕಿತ್ತು. ಹಾಡು ಶುರುವಾಯಿತು. ನೀಲಿ ಸ್ಯಾಟಿನ್ ಮಕ್ಕಳೆಲ್ಲ ಎರಡು ಕಡೆಗೆ ಸರಿದರು, ನಡುವೆ ನನ್ನ ಮಗಳು ಬಂದಳು. ವಿದ್ಯುತ್ ದೀಪದ ಕೆಳಗೆ ಆ ಹೊದಿಕೆ, ಹೇಗೆ ಹೇಳಲಿ, ಆ ಸ್ಟೇಜಿನ ಮೇಲೆ ಬಣ್ಣ ಅಂತ ಇದ್ದದ್ದು ಅದೊಂದೇ. ಆಗ ಮಗಳು ಕಲಿಸದ ಒಂದು ಜಿಗಿತ ಜಿಗಿದಳು. ಮತ್ತೊಂದು ಜಿಗಿದಳು. ಭುಜ ಕೊಡವಿದಳು, ಬೆನ್ನು ತಿಕ್ಕಿದಳು, ಸ್ಟೇಜಿನ ಈ ತುದಿಯಿಂದ ಆ ತುದಿಗೆ ಹಾರಿದಳು. ಜನ ಹೊಸ ಸ್ಟೆಪ್ ಎಂದುಕೊಂಡು ಸಿಳ್ಳೆ ಹೊಡೆದರು. ನನಗೆ ರಾತ್ರಿಯಿಡೀ ಗೂಟದಲ್ಲಿ ನೇತಾಡಿದ ಹೊದಿಕೆಯ ಮೂಲೆ ನೆನಪಾಯಿತು. ಹೋಳಿಗೆ! ಕೆಂಪಿರುವೆ!

ಅವಳು ಕಡೆಗೆ ಹೊದಿಕೆಯನ್ನು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ಎಲ್ಲರೆದುರು ಪಟಪಟ ಒದರಿದಳು. ಇರುವೆ ಉದುರಿದವು. ನೀಲಿ ಮಕ್ಕಳು ಕಿರುಚಿ ದಿಕ್ಕಾಪಾಲಾದರು. ಹಾಡು ನಿಂತಿತು. ಪೆಂಡಾಲಿಗೆ ಪೆಂಡಾಲೇ ನಕ್ಕಿತು. ಯಾರೋ ಹಿಂದಿನಿಂದ, "ಫ್ಲಾಪ್ ಪಾರ್ಟ್ ಟೂ!" ಎಂದು ಕೂಗಿದರು. ನಾನು ಸ್ಟೇಜು ನೋಡಲಿಲ್ಲ, ಮಿಸ್‌ನ ಮುಖ ನೋಡಲಿಲ್ಲ, ಅವ್ವನನ್ನು ನೋಡಿದೆ. ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡು ಕಲ್ಲಿನಂತೆ ಕೂತಿದ್ದಳು. ಮುಗಿಯಿತು ಎಂದುಕೊಂಡೆ. ಇನ್ನು ಈ ಜನ್ಮದಲ್ಲಿ ಸೂಜಿ ಮುಟ್ಟುವುದಿಲ್ಲ.

ಅಷ್ಟರಲ್ಲಿ ಮಗಳು ಸ್ಟೇಜಿನ ಅಂಚಿಗೆ ಬಂದಳು. ಕುತ್ತಿಗೆಯೆಲ್ಲ ಕೆಂಪು ಗುಳ್ಳೆ, ಕಣ್ಣಲ್ಲಿ ನೀರು. ಪಕ್ಕದಲ್ಲಿ ನಿಂತಿದ್ದ ಮಿಸ್ ನೀಲಿ ಸ್ಯಾಟಿನ್ ಹೊದಿಕೆ ಮುಂದೆ ಹಿಡಿದರು. ಅವಳು ತಲೆಯಾಡಿಸಿದಳು. ತನ್ನ ಕೌದಿಯನ್ನು ಇನ್ನೊಮ್ಮೆ ಜೋರಾಗಿ ಒದರಿ, ಮತ್ತೆ ಹೆಗಲಿಗೆ ಕಟ್ಟಿಕೊಂಡಳು. "ಹಾಡು ಹಚ್ಚರಿ ಮಿಸ್," ಎಂದಳು. ಅದು ಮೈಕಿಗೂ ಕೇಳಿಸಿತು, ನಮಗೂ ಕೇಳಿಸಿತು. ಮಿಸ್ ಒಂದು ಕ್ಷಣ ಅವಳನ್ನೇ ನೋಡಿ, ತಾವೇ ಹೋಗಿ ಹಾಡು ಹಚ್ಚಿದರು. ನನ್ನ ಮಗಳು ಮೊದಲಿನಿಂದ ಕಡೆಯವರೆಗೆ ಕುಣಿದಳು. ಒಂದೊಂದು ಸಲ ಬೆನ್ನು ತುರಿಸಿಕೊಂಡಳು, ಸುಳ್ಳು ಯಾಕೆ ಹೇಳಲಿ. ಆದರೆ ನಿಲ್ಲಿಸಲಿಲ್ಲ. ಅಷ್ಟು ಜನರ ನಡುವೆ ಅಷ್ಟು ಹೆಮ್ಮೆಯಿಂದ ನಾನು ಯಾವತ್ತೂ ಕೂತಿಲ್ಲ. ಮೊದಲ ಭಾಗದವನನ್ನು ಕರೆತಂದು ಕೆಂಪಿರುವೆ ಬಿಟ್ಟು ನೋಡಿ, ಅರ್ಧ ಹಾಡಿಗೇ ಆಕಾಶಕ್ಕೆ ಹಾರಿ ಹೋಗುತ್ತಾನೆ.

ಮನೆಗೆ ಬಂದದ್ದೇ ಅವ್ವ ಎಣ್ಣೆ ಡಬ್ಬಿ ಇಳಿಸಿದಳು. ಮೊಮ್ಮಗಳ ಕುತ್ತಿಗೆಗೆ ಕೊಬ್ಬರಿ ಎಣ್ಣೆ ಹಚ್ಚಿದಳು. ಯಾವ ಕೈಯಲ್ಲಿ ಹಚ್ಚಿದಳೆಂದು ನೋಡುವ ಧೈರ್ಯವಾಗಲಿಲ್ಲ ನನಗೆ.

ಬೆಳಿಗ್ಗೆ ಎದ್ದು ನೋಡಿದರೆ ಪಡಸಾಲೆಯಲ್ಲಿ ಗಂಟು ಬಿಚ್ಚಿ ಹರಡಿಕೊಂಡು ಕೂತಿದ್ದಾಳೆ. ಒಂದೊಂದೇ ಬಟ್ಟೆ ಎತ್ತಿ ಗಲ್ಲಕ್ಕೆ ತಾಗಿಸಿ ನೋಡುತ್ತಾಳೆ, ಕೆಲವನ್ನು ಆಚೆಗೆ ಒಗೆಯುತ್ತಾಳೆ.

"ಅವ್ವಾ, ಪಾತ್ರಿಯಾಕಿಗೆ ಹಾಕಬ್ಯಾಡ. ನಿನ್ನೆಯದ್ದು ನಾನೂ ನೋಡ್ಕೋಬೇಕಿತ್ತು."

"ಯಾವ ಪಾತ್ರಿಯಾಕಿ? ಮೆತ್ತನ್ನ ಅರಿವಿ ಆರಸಾಕತ್ತೀನಿ. ಕೌದಿಗೆ."

"ಯಾರಿಗೆ ಕೌದಿ?"

"ನಿಮ್ಮ ಮಿಸ್ಸಮ್ಮಗ."

"ಆಕೀಗ್ಯಾಕ? ನಿನ್ನ ಅಂಗಿ ಹರಕು ಅಂದಾಕಿ!"

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಬಸುರಿ ಅದಾಳ. ಎದುರಿಗೆ ಕುಂದ್ರಿಸ್ಕೊಂಡು ಅಷ್ಟೊತ್ತು ವಾದ ಮಾಡಿದಿ, ಕಾಣಲಿಲ್ಲೇನು ನಿನಗ? ಕೂಸು ಬರೂದ್ರಾಗ ಮುಗೀಬೇಕು. ಸಣ್ಣದು, ಮುಗಸ್ತೀನಿ."

ಕಂಡಿರಲಿಲ್ಲ. ಲೋಕಕ್ಕೆ ಕಾಣದ್ದೆಲ್ಲ ನನಗೆ ಕಂಡಿತೆಂದು ಊರೂರು ತಿರುಗಿ ಜಂಬ ಕೊಚ್ಚುವವಳಿಗೆ ಕುರ್ಚಿ ಕೇಳಿ ಕೂತ ಹೆಣ್ಣುಮಗಳು ಕಂಡಿರಲಿಲ್ಲ.

"ಬಾಯಿ ಏನು ತಕ್ಕೊಂಡು ನಿಂತಿ? ನಿಮ್ಮಪ್ಪನ ಧೋತರ ಐತಲ್ಲ, ಅದ ಮೆತ್ತಗ ಐತಿ. ಇತ್ತ ಕೊಡು," ಎಂದು ಅವ್ವ ಬಲಗೈ ಚಾಚಿದಳು.

ಕೊಟ್ಟೆ.